ಡ್ರ್ಯಾಗನ್ ಫ್ರೂಟ್‌ಗೆ ನೆಂಟ ಯಾರು? ಬೇಲಿ ಕಳ್ಳಿಯಲ್ಲ, ಅಂಗಳದ ಬ್ರಹ್ಮಕಮಲ!

ಅಡಿಕೆಗೆ ಹಳದಿ ಎಲೆ ರೋಗ, ಅದರ ಮೇಲೆ ಎಲೆಚುಕ್ಕಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಕಡೆಯ ಯುವ ರೈತರು ಬೇರೆ ಬೆಳೆ ಹುಡುಕುತ್ತಿರುವುದು ಸಹಜ. ನಮ್ಮ ಶೆಟ್ಟಿಕೊಪ್ಪದಲ್ಲೂ ಹುಡುಗರು ನನ್ನನ್ನು ಕೇಳುತ್ತಾರೆ: "ಅಣ್ಣಾ, ಡ್ರ್ಯಾಗನ್ ಫ್ರೂಟ್ ಹಾಕಬಹುದಾ? ಅದು ಮರುಭೂಮಿ ಕಳ್ಳಿ ಅಲ್ವಾ, ನಮ್ಮ ಮಳೆಗೆ ಬದುಕುತ್ತಾ?"

ಕಂಬ, ಗಿಡ ಅಂತ ದುಡ್ಡು ಸುರಿಯುವ ಮೊದಲು ಈ ಗಿಡದ ವಂಶ ಯಾವುದು ಅಂತ ನೋಡೋಣ. ಅದನ್ನು ಸರಿಯಾಗಿ ಹೇಳೋದು ಡಿಎನ್‌ಎ.

ಮುಖ ನೋಡಿ ನೆಂಟಸ್ತನ ಹೇಳಬೇಡಿ

ಬೇಲಿಯ ಕಳ್ಳಿ ಮುರಿದರೆ ಬಿಳಿ ಹಾಲು ಸುರಿಯುತ್ತದೆ. ಅದರ ನೆಂಟರು ನಮ್ಮ ತಾಲ್ಲೂಕಿನ ರಬ್ಬರ್, ಹರಳು, ಮರಗೆಣಸು. ಡ್ರ್ಯಾಗನ್ ಫ್ರೂಟ್ ಇರೋದು ಪಾಪಾಸುಕಳ್ಳಿಯ ಕ್ಯಾಕ್ಟಸ್ ಕುಟುಂಬದಲ್ಲಿ. ಆ ಕುಟುಂಬಕ್ಕೆ ಹತ್ತಿರದ ಸಂಬಂಧ ಯಾರದ್ದು ಗೊತ್ತಾ? ನಾವು ಸಾರು ಮಾಡುವ ಗೋಣಿಸೊಪ್ಪು, ಕುಂಡದ ಟೇಬಲ್ ರೋಸ್! ಎರಡೂ ಕಳ್ಳಿಗಳು ನೀರು ಉಳಿಸಲು ದಪ್ಪ ಕಾಂಡ ಬೆಳೆಸಿಕೊಂಡವು. ಹಾಗಾಗಿ ನೋಡಲು ಒಂದೇ ಥರ, ವಂಶ ಮಾತ್ರ ಬೇರೆ.

ನಮ್ಮ ಮನೆಗಳಲ್ಲಿ ರಾತ್ರಿ ಅರಳುವ ಬ್ರಹ್ಮಕಮಲವೂ ಕ್ಯಾಕ್ಟಸ್ಸೇ. ಡ್ರ್ಯಾಗನ್ ಫ್ರೂಟ್‌ನ ಹೂ ಒಮ್ಮೆ ನೋಡಿ, ಹೋಲಿಕೆ ಕಾಣುತ್ತದೆ. ಹಿಮಾಲಯದ ಬ್ರಹ್ಮಕಮಲ ಮಾತ್ರ ಸೂರ್ಯಕಾಂತಿ ಕುಟುಂಬದ್ದು. ಹೆಸರು ಒಂದೇ, ನೆಂಟಸ್ತನ ಇಲ್ಲ.

ಡಿಎನ್‌ಎ ಓದೋದು ಹೇಗೆ?

ಡಿಎನ್‌ಎ ಅಂದರೆ ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳ ಉದ್ದ ಬರಹ. ತಲೆಮಾರಿನಿಂದ ತಲೆಮಾರಿಗೆ ನಕಲಾಗುವಾಗ ಅಲ್ಲೊಂದು ಇಲ್ಲೊಂದು ಅಕ್ಷರ ಬದಲಾಗುತ್ತದೆ. ಒಂದೇ ಬದಲಾವಣೆ ಎರಡು ಗಿಡಗಳಲ್ಲಿ ಕಂಡರೆ, ಅದು ಇಬ್ಬರಿಗೂ ಒಬ್ಬನೇ ಪೂರ್ವಜನಿಂದ ಬಂದಿರುವ ಸಾಧ್ಯತೆ ಹೆಚ್ಚು. ವಿಜ್ಞಾನಿಗಳು ಎಲೆ, ಕಾಂಡದ ಹಸಿರು ಕಣಗಳಲ್ಲಿರುವ ಡಿಎನ್‌ಎಯ ಕೆಲವು ಭಾಗಗಳನ್ನು ಹೋಲಿಸಿ ವಂಶವೃಕ್ಷ ಬರೆಯುತ್ತಾರೆ.

ಹೀಗೆ 2017ರಲ್ಲಿ ನಾಡ್ಯಾ ಕೊರೊಟ್ಕೋವಾ ಮತ್ತು ಸಂಗಡಿಗರು ಮರ ಹತ್ತುವ ಕ್ಯಾಕ್ಟಸ್‌ಗಳನ್ನು ಪರೀಕ್ಷಿಸಿದರು. 'ಹೈಲೋಸೀರಿಯಸ್' ಎಂಬ ಡ್ರ್ಯಾಗನ್ ಫ್ರೂಟ್ ಗುಂಪು 'ಸೆಲೆನಿಸೀರಿಯಸ್' ಗುಂಪಿನ ಒಳಗೇ ಬರುತ್ತದೆ ಅಂತ ಗೊತ್ತಾಗಿ ಎರಡನ್ನೂ ಸೇರಿಸಿದರು. ಬ್ರಹ್ಮಕಮಲವೂ ಇದೇ ಪಂಗಡದ್ದು. ಫೋನ್‌ನಲ್ಲಿ ಹುಡುಕುವಾಗ ಎರಡೂ ಹೆಸರು ಹಾಕಿ. ಹೈಲೋಸೀರಿಯಸ್ ಉಂಡೇಟಸ್, ಸೆಲೆನಿಸೀರಿಯಸ್ ಉಂಡೇಟಸ್ ಎರಡೂ ಬಿಳಿ ತಿರುಳಿನ ಅದೇ ಗಿಡ. ಹಳೇ ಹೆಸರಷ್ಟೇ ಹಾಕಿದರೆ ಹೊಸ ಮಾಹಿತಿ ತಪ್ಪಿಹೋಗುತ್ತದೆ.

ತೋಟಕ್ಕೆ ಇದರಿಂದ ಏನು ಲಾಭ?

ಜಾಗ: ಈ ಪಂಗಡ ಮರುಭೂಮಿಯದ್ದಲ್ಲ. ಮೆಕ್ಸಿಕೊ, ಮಧ್ಯ ಅಮೆರಿಕದ ಕಾಡಿನಲ್ಲಿ ಗಾಳಿಬೇರು ಹಿಡಿದು ಮರ ಹತ್ತುವ ಬಳ್ಳಿಗಳು. ಬೇರು ಮೇಲ್ಮೇಲೆ ಇರುತ್ತದೆ, ತರಗೆಲೆ ಗೊಬ್ಬರ ಇಷ್ಟ, ನಿಂತ ನೀರು ಆಗದು. ಆದ್ದರಿಂದ ತಗ್ಗಿನ ಅಡಿಕೆ ತೋಟ ಬೇಡ. ನೀರು ಬಸಿಯುವ ಇಳಿಜಾರಿನಲ್ಲಿ ಏರುಮಡಿ ಮಾಡಿ. ದಟ್ಟ ನೆರಳಿನಲ್ಲಿ ಹೂ ಕಡಿಮೆ. ನಮ್ಮ ಮಳೆಗಾಲದಲ್ಲಿ ಕಾಂಡ ಕೊಳೆಯುವುದೇ ದೊಡ್ಡ ಅಪಾಯ.

ಪರಾಗ: ಕೆಂಪು ತಿರುಳಿನ ಹಲವು ತಳಿಗಳು ತಮ್ಮದೇ ಪರಾಗದಿಂದ ಕಾಯಿ ಕಚ್ಚುವುದಿಲ್ಲ. ಒಂದೇ ಗಿಡದ ತುಂಡುಗಳನ್ನು ತೋಟವಿಡೀ ನೆಟ್ಟರೆ, ಅವೆಲ್ಲದರ ಡಿಎನ್‌ಎ ಒಂದೇ. ಹೂ ಬಂದರೂ ಹಣ್ಣಿಲ್ಲ! ನಡುವೆ ಬಿಳಿ ತಿರುಳಿನ ಗಿಡ ಇರಲಿ. ಹತ್ತಿರದ ನೆಂಟನಾದ್ದರಿಂದ ಪರಾಗ ಹೊಂದುತ್ತದೆ. ರಾತ್ರಿ ಟಾರ್ಚ್ ಹಿಡಿದು ಬ್ರಷ್‌ನಲ್ಲಿ ಮುಟ್ಟಿಸಿದರೆ ಇನ್ನೂ ಒಳ್ಳೆಯದು.

ಹೆಸರು: ನರ್ಸರಿಯಲ್ಲಿ "ಕೆಂಪು" ಅಂದರೆ ಸಾಲದು, ತಳಿಯ ಹೆಸರು ಕೇಳಿ ಬರೆಸಿಕೊಳ್ಳಿ. ಜಾತಿ ಬೇರೆಯಾದರೆ ಸ್ವಭಾವವೂ ಬೇರೆ. 1795ರಲ್ಲಿ ಕೆಂಪು ಬಣ್ಣಕ್ಕೆಂದು ಬ್ರೆಜಿಲ್‌ನಿಂದ ಭಾರತಕ್ಕೆ ತಂದ ಹುಳ ಒಂದು ಜಾತಿಯ ಪಾಪಾಸುಕಳ್ಳಿಯನ್ನು ತಿಂದು ಮುಗಿಸಿತು, ಪಕ್ಕದ ಜಾತಿಯನ್ನು ಮುಟ್ಟಲೇ ಇಲ್ಲ. ಅದನ್ನು ಹತೋಟಿಗೆ ತರಲು 1926ರಲ್ಲಿ ಶ್ರೀಲಂಕಾದಿಂದ ಬೇರೆ ಜಾತಿಯ ಹುಳ ತರಬೇಕಾಯಿತು.

ನನ್ನ ಸಲಹೆ ಇಷ್ಟೇ: ಅಡಿಕೆ ಕಡಿದು ಎಕರೆಗಟ್ಟಲೆ ಹಾಕಬೇಡಿ. ಮೊದಲು ಹತ್ತು ಕಂಬ, ಕಂಬಕ್ಕೆ 4 ಗಿಡ. ಎರಡು ಮಳೆಗಾಲ ನೋಡಿ. ತುಮಕೂರು ಬಳಿಯ ಹಿರೇಹಳ್ಳಿ ಕೇಂದ್ರದಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಈ ಬೆಳೆಯ ಮೇಲೆ ಕೆಲಸ ಮಾಡುತ್ತಿದ್ದಾರೆ, ಒಮ್ಮೆ ಹೋಗಿ ಬನ್ನಿ. ಆದರೆ ಅಲ್ಲಿಯ ಮಳೆಯೇ ಬೇರೆ, ನಮ್ಮದೇ ಬೇರೆ ಅನ್ನೋದು ನೆನಪಿರಲಿ. ನಮ್ಮ ಮಣ್ಣಿಗೆ ಹೊಂದುವ ಮಾತು ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ.