ಎಚ್‌ಐವಿ ಮಾತ್ರೆಗೆ ತೂಕದ ಲೆಕ್ಕ
ಮಕ್ಕಳಿಗೂ ಹದಿಹರೆಯದವರಿಗೂ ಎಚ್‌ಐವಿ ಔಷಧಿ ಕೊಡುವಾಗ ಎಆರ್‌ಟಿ ಕೇಂದ್ರದಲ್ಲಿ ಮೊದಲು ತೂಕ ನೋಡುತ್ತಾರೆ. ಕಾಮರ್ಸ್ ಓದುವ ನನಗೆ ಈ ಲೆಕ್ಕ ಹಿಡಿಸಿತು. 30 ಕೆ.ಜಿ. ದಾಟಿದರೆ ಸಾಮಾನ್ಯವಾಗಿ ದೊಡ್ಡವರ ಟಿಎಲ್‌ಡಿ ಮಾತ್ರೆಯೇ, ದಿನಕ್ಕೊಂದು: ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿ.ಗ್ರಾಂ. ಆದರೆ ಮೂತ್ರಪಿಂಡ ದುರ್ಬಲವಿದ್ದರೆ ಟೆನೊಫೊವಿರ್ ಬದಲಿಸಬೇಕಾಗುತ್ತದೆ. ಕ್ಷಯಕ್ಕೆ ರಿಫಾಂಪಿಸಿನ್ ನಡೆಯುತ್ತಿದ್ದರೆ ಅದು ಡೊಲುಟೆಗ್ರಾವಿರನ್ನು ದೇಹದಲ್ಲಿ ಬೇಗ ಕರಗಿಸಿಬಿಡುತ್ತದೆ. ಆಗ ಹನ್ನೆರಡು ಗಂಟೆ ಬಿಟ್ಟು ಇನ್ನೊಂದು 50 ಮಿ.ಗ್ರಾಂ. ಬೇಕು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುತ್ತಿದ್ದ ಕಬ್ಬಿಣಾಂಶದ ಮಾತ್ರೆಯೂ ಖಾಲಿ ಹೊಟ್ಟೆಯಲ್ಲಿ ಇದರ ಜೊತೆ ಬಿದ್ದರೆ ಔಷಧಿ ರಕ್ತಕ್ಕೆ ಸರಿಯಾಗಿ ಸೇರದು. ಊಟದ ಜೊತೆಯಾದರೆ ತೊಂದರೆಯಿಲ್ಲ. ರೋಜಾ ಇರುವವರು ವೈದ್ಯರನ್ನು ಕೇಳಿ ಇಫ್ತಾರ್ ನಂತರದ ಹೊತ್ತು ಗೊತ್ತುಮಾಡಿಕೊಳ್ಳಬಹುದು. ನಮ್ಮ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ಈ ಔಷಧಿ ಉಚಿತ. ಯಾರು ಪಡೆಯುತ್ತಾರೆಂಬುದು 2017ರ ಕಾಯ್ದೆಯ ಪ್ರಕಾರ ಗುಟ್ಟು.