ಹೊಟ್ಟೆಯೊಳಗಿನ ನರದ ಗಡ್ಡೆ: ಗಡ್ಡೆಗಳೆಲ್ಲ ಕ್ಯಾನ್ಸರ್ ಅಲ್ಲ




ನಮ್ಮ ವಿದ್ಯಾರ್ಥಿವೇತನ ಪಡೆಯುತ್ತಿದ್ದ ಬಿ.ಕಾಂ. ವಿದ್ಯಾರ್ಥಿನಿಯೊಬ್ಬಳ ನವೀಕರಣ ಅರ್ಜಿ ಕಳೆದ ವರ್ಷ ಬರಲಿಲ್ಲ. ವಿಚಾರಿಸಿದಾಗ ವಿಷಯ ತಿಳಿಯಿತು. ಬೆನ್ನುನೋವೆಂದು ಮಾಡಿಸಿದ ಸ್ಕ್ಯಾನಿಂಗ್‌ನಲ್ಲಿ ಹೊಟ್ಟೆಯ ಹಿಂಭಾಗದಲ್ಲಿ ಗಡ್ಡೆ ಕಂಡಿತ್ತು. ಕ್ಯಾನ್ಸರ್ ಎಂದೇ ನಂಬಿದ ಮನೆಯವರು ಕಾಲೇಜು ಬಿಡಿಸಿ, ಒಡವೆ ಅಡವಿಟ್ಟಿದ್ದರು. ಬಯಾಪ್ಸಿ ವರದಿ ಬಂದಾಗ ಅದು ಕ್ಯಾನ್ಸರ್ ಅಲ್ಲದ ನರದ ಗಡ್ಡೆ ಎಂದು ಗೊತ್ತಾಯಿತು. ಶಸ್ತ್ರಚಿಕಿತ್ಸೆಯಾಗಿ, ಅಲ್ಹಮ್ದುಲಿಲ್ಲಾಹ್, ಆಕೆ ಗುಣಮುಖಳಾಗಿದ್ದಾಳೆ. ಆದರೆ ಒಂದು ವರ್ಷದ ಓದು ಕೈತಪ್ಪಿತು. ಮತ್ತೊಂದು ಮನೆಯಲ್ಲಿ ಹೀಗಾಗದಿರಲಿ ಎಂದು ಈ ಮಾಹಿತಿ ನೀಡುತ್ತಿದ್ದೇವೆ.

ಇದು ಹೇಗೆ ಬೆಳೆಯುತ್ತದೆ?

ಹೊಟ್ಟೆಯ ಅಂಗಗಳಿಗೂ ಬೆನ್ನುಮೂಳೆಯ ಅಕ್ಕಪಕ್ಕಕ್ಕೂ ನರಗಳ ಜಾಲವಿದೆ. ನರವನ್ನು ಸುತ್ತಿಕೊಂಡಿರುವ ಶ್ವಾನ್ ಕೋಶಗಳು ಅತಿಯಾಗಿ ಬೆಳೆದರೆ ಶ್ವಾನ್ನೋಮಾ ಆಗುತ್ತದೆ. ಜೀರ್ಣಾಂಗಗಳ ಪೈಕಿ ಇದು ಹೆಚ್ಚಾಗಿ ಕಾಣುವುದು ಜಠರದಲ್ಲಿ. ನರಗ್ರಂಥಿಯ ಕೋಶಗಳಿಂದ ಬೆಳೆಯುವುದು ಗ್ಯಾಂಗ್ಲಿಯೋನ್ಯೂರೋಮಾ. ನಮ್ಮ ವಿದ್ಯಾರ್ಥಿನಿಗೆ ಆಗಿದ್ದು ಇದೇ. ಇದು ದೊಡ್ಡ ಮಕ್ಕಳಲ್ಲಿ, ಯುವಜನರಲ್ಲಿ ಹೆಚ್ಚು. ಮೂರನೆಯದು ನ್ಯೂರೋಫೈಬ್ರೋಮಾ. ಮೈಮೇಲೆ ಆರು ಅಥವಾ ಅದಕ್ಕಿಂತ ಹೆಚ್ಚು ಕಾಫಿ ಬಣ್ಣದ ಮಚ್ಚೆಗಳಿದ್ದರೆ ವೈದ್ಯರಿಗೆ ತಿಳಿಸಿ. ಅದು ವಂಶದಲ್ಲಿ ಬರುವ ಕಾಯಿಲೆಯ ಗುರುತಾಗಿರಬಹುದು.

ಲಕ್ಷಣ ಮತ್ತು ಪರೀಕ್ಷೆ

ಈ ಗಡ್ಡೆಗಳು ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುತ್ತವೆ. ಎಷ್ಟೋ ಸಲ ಯಾವ ತೊಂದರೆಯೂ ಇರುವುದಿಲ್ಲ, ಬೇರೆ ಕಾರಣಕ್ಕೆ ಸ್ಕ್ಯಾನಿಂಗ್ ಮಾಡಿಸಿದಾಗ ಕಣ್ಣಿಗೆ ಬೀಳುತ್ತವೆ. ದೊಡ್ಡದಾಗಿ ಪಕ್ಕದ ಅಂಗವನ್ನು ಒತ್ತಿದಾಗ ಹೊಟ್ಟೆನೋವು, ಹೊಟ್ಟೆ ಭಾರ, ಬೆನ್ನುನೋವು ಬರಬಹುದು.

ಸಿ.ಟಿ. ಅಥವಾ ಎಂ.ಆರ್.ಐ. ಗಡ್ಡೆ ಎಲ್ಲಿದೆ, ಎಷ್ಟಿದೆ ಎಂದು ತೋರಿಸುತ್ತದೆ. ಅದು ಯಾವ ಜಾತಿಯದು ಎಂದು ಖಚಿತವಾಗುವುದು ಅದರ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆಯೇ. ಬೆವರು, ಎದೆಬಡಿತ, ತಲೆನೋವು, ಏರಿದ ರಕ್ತದೊತ್ತಡ ಇದ್ದರೆ ಮೊದಲೇ ಹೇಳಿ. ಹಾರ್ಮೋನು ಸುರಿಸುವ ಬೇರೊಂದು ಬಗೆಯ ಗಡ್ಡೆಯೂ ಇದೆ. ಅಂಥ ಸಂಶಯವಿದ್ದಾಗ ಬಯಾಪ್ಸಿಗೆ ಮುಂಚೆ ರಕ್ತ ಅಥವಾ ಮೂತ್ರ ಪರೀಕ್ಷೆ ಆಗಲೇಬೇಕು.

ಚಿಕಿತ್ಸೆ

ಚಿಕ್ಕದಾಗಿದ್ದು ತೊಂದರೆ ಕೊಡದಿದ್ದರೆ ಆಗಾಗ ಸ್ಕ್ಯಾನಿಂಗ್ ಮಾಡಿಸಿ ಕಾಯಬಹುದೆಂದು ವೈದ್ಯರು ಹೇಳಬಹುದು. ಇಲ್ಲದಿದ್ದರೆ ಶಸ್ತ್ರಚಿಕಿತ್ಸೆ. ಪೂರ್ತಿ ತೆಗೆದರೆ ಮತ್ತೆ ಬರುವುದು ಅಪರೂಪ. ಸಾಮಾನ್ಯವಾಗಿ ಕೀಮೋಥೆರಪಿ ಬೇಕಾಗುವುದಿಲ್ಲ. ಹಾಗೆಂದು ಅಸಡ್ಡೆಯೂ ಸಲ್ಲದು. ಪುಟ್ಟ ಮಕ್ಕಳಲ್ಲಿ ಇದೇ ಜಾಗದ ಗಡ್ಡೆ ಕ್ಯಾನ್ಸರ್ ಆಗಿರಬಹುದು, ಕೂಡಲೇ ತೋರಿಸಬೇಕು.

ಪೋಷಕರಲ್ಲಿ ನಮ್ಮ ವಿನಂತಿ

ವರದಿ ಬರುವ ಮುಂಚೆ ಒಡವೆ ಮಾರಬೇಡಿ, ಬಡ್ಡಿ ಸಾಲ ಮಾಡಬೇಡಿ, ಮಕ್ಕಳ ಓದು ನಿಲ್ಲಿಸಬೇಡಿ. ಕ್ಯಾನ್ಸರ್ ಆಸ್ಪತ್ರೆಗೆ ಬರೆದುಕೊಟ್ಟರೆಂದ ಮಾತ್ರಕ್ಕೆ ಕ್ಯಾನ್ಸರ್ ಎಂದು ತಿಳಿಯಬೇಡಿ. ಇಂಥ ಗಡ್ಡೆ ತೆಗೆದು ಅಭ್ಯಾಸವಿರುವ ವೈದ್ಯರು ಅಲ್ಲಿರುತ್ತಾರೆ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸಾ ನೆರವಿದೆ. ಪಡಿತರ ಚೀಟಿ, ಆಧಾರ್ ಹಿಡಿದು ಮೊದಲು ಸರಕಾರಿ ಆಸ್ಪತ್ರೆಗೆ ಹೋಗಿ ವಿಚಾರಿಸಿ.

ಅನಾರೋಗ್ಯದಿಂದ ಓದು ನಿಂತ ವಿದ್ಯಾರ್ಥಿಗಳ ವಿದ್ಯಾರ್ಥಿವೇತನವನ್ನು ಈ ವರ್ಷದಿಂದ ರದ್ದು ಮಾಡುವುದಿಲ್ಲ. ಆಸ್ಪತ್ರೆಯ ವರದಿ ಮತ್ತು ಕಾಲೇಜಿನ ಪತ್ರವನ್ನು ನವೀಕರಣ ಅರ್ಜಿಯ ಜೊತೆ ಲಗತ್ತಿಸಿದರೆ ಸಾಕು. ದಾನಿಗಳೇ, ನಿಮ್ಮ ಝಕಾತ್ ಮತ್ತು ಸದಕಾದಿಂದಲೇ ಇದು ಸಾಧ್ಯವಾಗಿದೆ. ಮೇಲೆ ಹೇಳಿದ ವಿದ್ಯಾರ್ಥಿನಿ ಈಗ ಮತ್ತೆ ಕಾಲೇಜಿಗೆ ಹೋಗುತ್ತಿದ್ದಾಳೆ. ಅಲ್ಲಾಹನು ಎಲ್ಲ ರೋಗಿಗಳಿಗೂ ಶಿಫಾ ಕರುಣಿಸಲಿ, ಆಮೀನ್.