ಮೂರು ತಂತಿಗಳ ಮಾತು

ಕಲಬುರಗಿ ನಗರದಿಂದ ಹುಮನಾಬಾದಿನ ದಾರಿ ಹಿಡಿದು ಈಶಾನ್ಯಕ್ಕೆ ಸುಮಾರು 35 ಕಿಲೋಮೀಟರು ಸಾಗಿದರೆ ಕಮಲಾಪುರ ದೊರೆಯುತ್ತದೆ. ಕೆಂಪು ಬಾಳೆಗೆ ಹೆಸರಾದ ಈ ಊರು 2018ರಲ್ಲಿ ತಾಲ್ಲೂಕು ಕೇಂದ್ರವಾಯಿತು. ಸುತ್ತಲಿನದು ತೊಗರಿಯ ಸೀಮೆ. ಮುಂಗಾರಿನ ಮಳೆ ಬಿದ್ದೊಡನೆ ರೈತನಿಗೆ ಬೀಜ ಬೇಕು, ಗೊಬ್ಬರ ಬೇಕು, ಅವನ್ನು ಕೊಳ್ಳಲು ಬೆಳೆಸಾಲ ಬೇಕು. ಹಿಂದೆ ಇವುಗಳ ಲೆಕ್ಕವೆಲ್ಲ ಬಟ್ಟೆಯಲ್ಲಿ ಕಟ್ಟಿಟ್ಟ ದಫ್ತರಗಳಲ್ಲಿರುತ್ತಿತ್ತು. ಇಂದು ಅದು ಗಣಕಯಂತ್ರವನ್ನು ಸೇರಿದೆ.

ಇಂತಹ ಊರಿನ ಒಂದು ಸಹಕಾರ ಸಂಘದಲ್ಲಿ ಲೆಕ್ಕಗಳನ್ನೆಲ್ಲ ಕಾಯ್ದಿಡುವ ಸರ್ವರ್ ಎಂಬ ಹಿರಿಯ ಗಣಕವಿದೆಯೆಂದು ಊಹಿಸಿಕೊಳ್ಳಬಹುದು. ರಾತ್ರಿ ಗಾಳಿಮಳೆಗೆ ವಿದ್ಯುತ್ತು ಹೋಗಿ ಬಂದಿದೆ. ಬೆಳಗಾದಾಗ ಸರ್ವರಿನ ದೀಪ ಉರಿಯುತ್ತಿದೆ, ಅದರೊಳಗಿನ ಪಂಖ ತಿರುಗುತ್ತಿದೆ. ಆದರೆ ಮೇಜಿನ ಮೇಲಿನ ಯಾವ ಗಣಕಕ್ಕೂ ಅದು ಉತ್ತರ ಕೊಡುತ್ತಿಲ್ಲ. ಹೊರಗೆ ರೈತರು ಸಾಲುಗಟ್ಟಿ ನಿಂತಿದ್ದಾರೆ. ಸರ್ವರನ್ನು ಆರಿಸಿ ಮತ್ತೆ ಹೊತ್ತಿಸೋಣವೇ ಎಂಬ ಆತುರ ಎಲ್ಲರಿಗೂ ಉಂಟಾಗುತ್ತದೆ. ಆದರೆ ಅದು ಒಳಗೆ ಏನನ್ನೋ ಬರೆಯುತ್ತಿರುವಾಗ ವಿದ್ಯುತ್ತನ್ನು ಕಡಿದರೆ ಉಳಿದಿರುವ ಲೆಕ್ಕವೂ ಕೆಡುವ ಅಪಾಯವಿದೆ. ಮೊದಲು ಅದರ ಮಾತನ್ನು ಕೇಳಬೇಕು.

ಸಾಮಾನ್ಯವಾಗಿ ಸರ್ವರಿಗೆ ತನ್ನದೇ ಆದ ಪರದೆಯಾಗಲಿ ಕೀಲಿಮಣೆಯಾಗಲಿ ಜೋಡಿಸಿರುವುದಿಲ್ಲ. ಬೇರೆ ಗಣಕಗಳು ಜಾಲದ ಮೂಲಕ ಅದರೊಡನೆ ವ್ಯವಹರಿಸುತ್ತವೆ. ಆದರೆ ಜಾಲವನ್ನು ನಡೆಸುವ ಕ್ರಮವಿಧಿ ಆರಂಭವಾಗುವ ಮೊದಲೇ ಸರ್ವರ್ ಎಲ್ಲಿಯೋ ತಡೆದು ನಿಂತರೆ ಆ ದಾರಿ ಮುಚ್ಚಿದಂತಾಗುತ್ತದೆ. ಆಗಲೂ ತೆರೆದಿರುವ ಒಂದು ಕಿರುಬಾಗಿಲಿದೆ. ಅದೇ ಸೀರಿಯಲ್ ಕನ್ಸೋಲ್, ಎಂದರೆ ಸರಣಿ ಸಂಪರ್ಕದ ನಿಯಂತ್ರಣ ದ್ವಾರ. ಸರ್ವರ್ ಎಚ್ಚರಗೊಳ್ಳುವ ಮೊದಲ ಗಳಿಗೆಯಿಂದಲೂ ಹೇಳುವ ಮಾತುಗಳನ್ನು ಈ ಬಾಗಿಲಿನಲ್ಲಿ ನಿಂತು ಕೇಳಬಹುದು. ಅಲ್ಲಿಂದಲೇ ಅದಕ್ಕೆ ಆಜ್ಞೆಗಳನ್ನೂ ಕೊಡಬಹುದು.

ಈ ಬಾಗಿಲಿನ ಮೂಲ ತಂತಿಸಮಾಚಾರದ ಕಾಲದಲ್ಲಿದೆ. ಮುಂಬಯಿಯಿಂದ ಬಂದ ರೈಲುಮಾರ್ಗವು ಕಲಬುರಗಿಯನ್ನು ಹಾದು 1871ರಲ್ಲಿ ರಾಯಚೂರಿನಲ್ಲಿ ಮದರಾಸಿನ ಮಾರ್ಗವನ್ನು ಕೂಡಿಕೊಂಡಿತು. ಆ ಕಾಲದ ರೈಲುಗಳ ಸುದ್ದಿಯು ಹಳಿಯ ಪಕ್ಕದ ತಂತಿಯ ಮೇಲೆ ಚುಕ್ಕೆ ಗೆರೆಗಳಾಗಿ ಒಂದರ ಹಿಂದೆ ಒಂದು ಸಾಗುತ್ತಿತ್ತು. ಫ್ರಾನ್ಸಿನ ಎಮಿಲ್ ಬೊದೊ ಎಂಬ ತಂತಿ ಎಂಜಿನಿಯರನು 1870ರ ದಶಕದಲ್ಲಿ ಪ್ರತಿಯೊಂದು ಅಕ್ಷರಕ್ಕೂ ಐದೈದು ಸಂಜ್ಞೆಗಳ ಸಂಕೇತವನ್ನು ರೂಪಿಸಿದನು. ಸಂಜ್ಞೆಗಳ ವೇಗದ ಅಳತೆಗೆ ಇಂದಿಗೂ ಅವನ ನೆನಪಿನಲ್ಲಿ ‘ಬಾಡ್’ ಎಂಬ ಹೆಸರಿದೆ. 1960ರಲ್ಲಿ ಅಮೆರಿಕೆಯಲ್ಲಿ ಆರ್‌ಎಸ್-232 ಎಂಬ ನಿಯಮಾವಳಿ ಹೊರಬಂದು ಇಂತಹ ಸಂಪರ್ಕಕ್ಕೆ ಒಂದು ಕಟ್ಟುಪಾಡು ಏರ್ಪಟ್ಟಿತು. ಭಾರತದ ಸಾರ್ವಜನಿಕ ತಂತಿಸೇವೆ 2013ರಲ್ಲಿ ಕೊನೆಗೊಂಡಿತು. ಆದರೆ ಅದರ ತತ್ತ್ವವು ಸರ್ವರುಗಳ ಬೆನ್ನಿನಲ್ಲಿ ಇಂದಿಗೂ ಬದುಕಿದೆ.

ಈ ಸಂಪರ್ಕಕ್ಕೆ ಮೂರೇ ತಂತಿಗಳು ಸಾಕು. ಒಂದು ಹೇಳುವ ತಂತಿ, ಇನ್ನೊಂದು ಕೇಳುವ ತಂತಿ, ಮೂರನೆಯದು ಎರಡು ಯಂತ್ರಗಳಿಗೂ ಸಮಾನವಾದ ನೆಲದ ತಂತಿ. ಅಕ್ಷರವು ಎಂಟು ಬಿಟ್ಟುಗಳಾಗಿ ಒಡೆದು ಒಂದೊಂದಾಗಿ ಹೊರಡುತ್ತದೆ. ಮುಂದೊಂದು ಆರಂಭದ ಬಿಟ್, ಹಿಂದೊಂದು ಮುಕ್ತಾಯದ ಬಿಟ್ ಸೇರಿ ಹತ್ತಾಗುತ್ತವೆ. ವೇಗವು 9600 ಬಾಡ್ ಆದರೆ ಸೆಕೆಂಡಿಗೆ 960 ಅಕ್ಷರಗಳು ಸಾಗುತ್ತವೆ. ಒಂದು ಬಿಟ್ಟಿನ ಆಯುಸ್ಸು ಸೆಕೆಂಡಿನ ಹತ್ತು ಲಕ್ಷದಲ್ಲಿ ಸುಮಾರು 104 ಪಾಲು ಮಾತ್ರ. ಇಂತಹ ಹುರಿಯನ್ನು ಬಹುದೂರ ಎಳೆಯುವಂತಿಲ್ಲ. ಹಳೆಯ ನಿಯಮದಂತೆ ಅದರ ಉದ್ದ ಸುಮಾರು 15 ಮೀಟರಿಗೆ ಮುಗಿಯುತ್ತದೆ. ಆದುದರಿಂದ ಕಲಬುರಗಿಯ ತಂತ್ರಜ್ಞನು ಲ್ಯಾಪ್‌ಟಾಪನ್ನು ಹಿಡಿದು ಕಮಲಾಪುರಕ್ಕೆ ತಾನೇ ಬರಬೇಕಾಗುತ್ತದೆ.

ಬಂದವನು ಹುರಿಯನ್ನು ಜೋಡಿಸುತ್ತಾನೆ. ಪರದೆ ಕಪ್ಪಾಗಿಯೇ ಇರುತ್ತದೆ. ಒಂದಕ್ಷರವೂ ಮೂಡುವುದಿಲ್ಲ. ಅನುಭವವಿಲ್ಲದವನು ಈಗ ಸರ್ವರೇ ಸತ್ತಿದೆಯೆಂದು ತೀರ್ಮಾನಿಸಿಬಿಡುತ್ತಾನೆ. ಕೂಸನ್ನು ಕಂಕುಳಲ್ಲಿಟ್ಟುಕೊಂಡು ಊರೆಲ್ಲ ಹುಡುಕಿದರೆಂಬ ಗಾದೆ ಇಲ್ಲಿ ನೆನಪಾಗಬೇಕು. ದೋಷವು ಎಷ್ಟೋ ಸಲ ಕೈಯಲ್ಲಿರುವ ಹುರಿಯಲ್ಲಿಯೇ ಇರುತ್ತದೆ. ಆದ್ದರಿಂದ ಪರೀಕ್ಷೆ ಹತ್ತಿರದಿಂದ ಆರಂಭವಾಗಿ ದೂರಕ್ಕೆ ಸಾಗಬೇಕು.

ಇಂದಿನ ಲ್ಯಾಪ್‌ಟಾಪುಗಳಲ್ಲಿ ಹಳೆಯ ಒಂಬತ್ತು ಪಿನ್ನಿನ ಸೀರಿಯಲ್ ದ್ವಾರ ಸಾಮಾನ್ಯವಾಗಿ ಇರುವುದಿಲ್ಲ. ಅದಕ್ಕೆ ಬದಲಾಗಿ ಯುಎಸ್‌ಬಿ ಪರಿವರ್ತಕವನ್ನು ಬಳಸುತ್ತಾರೆ. ಲ್ಯಾಪ್‌ಟಾಪು ಅದನ್ನು ಗುರುತಿಸಿ ಒಂದು ಹೆಸರನ್ನು ಕೊಟ್ಟಿದೆಯೇ ಎಂಬುದು ಮೊದಲ ಪ್ರಶ್ನೆ. ಆ ಹೆಸರಿನ ದ್ವಾರವನ್ನು ಬಳಸಲು ತಂತ್ರಜ್ಞನಿಗೆ ಅನುಮತಿ ಇದೆಯೇ, ಮತ್ತೊಂದು ಕ್ರಮವಿಧಿ ಅದನ್ನು ಈಗಾಗಲೇ ಹಿಡಿದುಕೊಂಡಿದೆಯೇ ಎಂಬುದು ಎರಡನೆಯ ಪ್ರಶ್ನೆ. ಲಿನಕ್ಸ್ ವ್ಯವಸ್ಥೆಯಲ್ಲಿ ಇಂತಹ ದ್ವಾರವನ್ನು ತೆರೆಯುವ ಹಕ್ಕು ನಿರ್ದಿಷ್ಟ ಗುಂಪಿಗೆ ಸೇರಿದವರಿಗಷ್ಟೇ ಇರುವುದು ವಾಡಿಕೆ.

ಬಳಿಕ ಹುರಿಯನ್ನು ಸರ್ವರಿನಿಂದ ಬಿಡಿಸಿ, ಪರಿವರ್ತಕದ 2 ಮತ್ತು 3ನೆಯ ಪಿನ್ನುಗಳನ್ನು ಒಂದು ತುಂಡು ತಂತಿಯಿಂದ ಕೂಡಿಸುತ್ತಾರೆ. ಹೇಳುವ ಬಾಯಿ ಕೇಳುವ ಕಿವಿಗೆ ಸೇರಿದಂತಾಗಿ, ಕೀಲಿಮಣೆಯಲ್ಲಿ ಒತ್ತಿದ ಅಕ್ಷರವು ಪ್ರತಿಧ್ವನಿಯಂತೆ ಹಿಂದಿರುಗಿ ಪರದೆಯಲ್ಲಿ ಮೂಡಬೇಕು. ಅದೂ ಮೂಡದಿದ್ದರೆ ಹರಿವಿನ ನಿಯಂತ್ರಣವನ್ನು ನೋಡಬೇಕು. ಇದು ‘ನಾನು ಸಿದ್ಧ, ಕಳಿಸು’ ಎಂದು ಎದುರಿನ ಯಂತ್ರವು ಬೇರೊಂದು ತಂತಿಯಲ್ಲಿ ಸೂಚಿಸುವ ಏರ್ಪಾಡು. ಮೂರೇ ತಂತಿಗಳಿರುವಲ್ಲಿ ಆ ಸೂಚನೆ ಎಂದಿಗೂ ಬಾರದು. ಲ್ಯಾಪ್‌ಟಾಪು ಅದಕ್ಕಾಗಿ ಕಾಯುತ್ತ ಮೌನವಾಗಿಯೇ ಉಳಿಯುತ್ತದೆ. ಆ ಏರ್ಪಾಡನ್ನು ತೆಗೆದೊಡನೆ ಅಕ್ಷರವು ಹಿಂದಿರುಗಿದರೆ ಲ್ಯಾಪ್‌ಟಾಪೂ ಪರಿವರ್ತಕವೂ ನಿರ್ದೋಷಿಗಳೆಂದು ತಿಳಿಯುತ್ತದೆ. ಇದೇ ಪರೀಕ್ಷೆಯನ್ನು ಹುರಿಯ ತುದಿಯಲ್ಲಿ ಮಾಡಿದರೆ ಅದರೊಳಗಿನ ಎರಡು ತಂತಿಗಳು ತುಂಡಾಗಿಲ್ಲವೆಂಬುದೂ ಖಚಿತವಾಗುತ್ತದೆ.

ಆದರೆ ಈ ಪರೀಕ್ಷೆಗೂ ಮಿತಿಯಿದೆ. ತಂತಿಗಳು ಅದಲುಬದಲಾಗಿದ್ದರೂ ಪ್ರತಿಧ್ವನಿ ಬಂದೇ ಬರುತ್ತದೆ. ಮಾತು ನಡೆಯಬೇಕಾದರೆ ಒಬ್ಬನ ಬಾಯಿ ಇನ್ನೊಬ್ಬನ ಕಿವಿಯ ಕಡೆಗಿರಬೇಕು. ಎರಡು ಗಣಕಗಳನ್ನು ನೇರವಾದ ಹುರಿಯಿಂದ ಕೂಡಿಸಿದರೆ ಬಾಯಿಗೆ ಬಾಯಿ, ಕಿವಿಗೆ ಕಿವಿ ಎದುರಾಗುತ್ತದೆ. ಆಗ ತಂತಿಗಳನ್ನು ಒಳಗೆ ಅಡ್ಡ ಹಾಯಿಸಿದ ನಲ್ ಮೋಡೆಮ್ ಎಂಬ ಹುರಿ ಬೇಕಾಗುತ್ತದೆ. ಸರ್ವರಿನ ಯಾವ ಪಿನ್ನು ಹೇಳುವುದು ಎಂಬುದನ್ನು ವೋಲ್ಟ್‌ಮೀಟರಿನಿಂದ ಕಂಡುಹಿಡಿಯಬಹುದು. ಆರ್‌ಎಸ್-232ರಲ್ಲಿ ಹೇಳುವ ಪಿನ್ನು ಸುಮ್ಮನಿರುವಾಗಲೂ ನೆಲದ ತಂತಿಗೆ ಹೋಲಿಸಿದರೆ ಋಣ ವೋಲ್ಟೇಜನ್ನು ತೋರಿಸುತ್ತದೆ. ಕೆಲವು ಚಿಕ್ಕ ಸಾಧನಗಳ ದ್ವಾರವು 3.3 ವೋಲ್ಟಿನಲ್ಲಿ ಮಾತ್ರ ಕೆಲಸಮಾಡುತ್ತದೆಂಬ ಎಚ್ಚರವೂ ಇರಬೇಕು. ಅದಕ್ಕೆ ಆರ್‌ಎಸ್-232ರ ಹೆಚ್ಚಿನ ವೋಲ್ಟೇಜು ತಗುಲಿದರೆ ಸಾಧನವು ಸುಟ್ಟುಹೋಗಬಹುದು.

ಹುರಿಯನ್ನು ಬದಲಿಸಿ ಎಂಟರ್ ಕೀಲಿಯನ್ನು ಒತ್ತಿದಾಗ ಪರದೆಯಲ್ಲಿ ಅರ್ಥವಿಲ್ಲದ ಚಿಹ್ನೆಗಳು ಕಾಣಿಸುತ್ತವೆ. ನೋಡಿದವರಿಗೆ ಇದು ಕೆಡುಕೆಂದು ತೋರುತ್ತದೆ. ತಂತ್ರಜ್ಞನಿಗಾದರೋ ಇದು ಶುಭವಾರ್ತೆ. ಸರ್ವರ್ ಬದುಕಿದೆ, ಅದರ ಮಾತು ಈ ಕಡೆಗೆ ಬಂದು ತಲುಪುತ್ತಿದೆ. ವೇಗ ಮಾತ್ರ ಹೊಂದಿಲ್ಲ. ಸರ್ವರ್ 115200 ಬಾಡ್ ವೇಗದಲ್ಲಿ ಮಾತನಾಡುತ್ತಿದ್ದು ಲ್ಯಾಪ್‌ಟಾಪು 9600ರಲ್ಲಿ ಕೇಳುತ್ತಿದ್ದರೆ ಒಂದರ ವೇಗ ಇನ್ನೊಂದರ ಹನ್ನೆರಡು ಪಟ್ಟಾಗುತ್ತದೆ. ಸರ್ವರ್ ಒಂದು ಅಕ್ಷರವನ್ನು ಪೂರ್ತಿಯಾಗಿ ಹೇಳಿ ಮುಗಿಸಿದರೂ ಲ್ಯಾಪ್‌ಟಾಪು ಒಂದು ಬಿಟ್ಟನ್ನೂ ಅಳೆದು ಮುಗಿಸಿರುವುದಿಲ್ಲ. 9600, 19200, 38400, 57600, 115200 ಎಂಬ ರೂಢಿಯ ವೇಗಗಳನ್ನು ಒಂದೊಂದಾಗಿ ಪ್ರಯತ್ನಿಸಿದರೆ ಸರಿಯಾದುದು ದೊರೆತಾಗ ಚಿಹ್ನೆಗಳು ಒಮ್ಮೆಗೇ ಅಕ್ಷರಗಳಾಗುತ್ತವೆ. ಆರಂಭದ ಮಾತುಗಳು ಸ್ಪಷ್ಟವಾಗಿದ್ದು ಮುಂದಿನವು ಕೆಟ್ಟರೆ, ಸರ್ವರಿನ ಮೂಲ ವ್ಯವಸ್ಥೆಯೂ ಅದರ ಕಾರ್ಯಾಚರಣ ವ್ಯವಸ್ಥೆಯೂ ಬೇರೆ ಬೇರೆ ವೇಗಗಳನ್ನು ಹಿಡಿದಿವೆಯೆಂದು ಅರ್ಥ. ಮುಂದಿನ ಮಾತುಗಳು ಬಾರದೆಯೇ ಹೋದರೆ ಸೀರಿಯಲ್ ದ್ವಾರವನ್ನು ಬಳಸಬೇಕೆಂಬ ಸೂಚನೆ ಕಾರ್ಯಾಚರಣ ವ್ಯವಸ್ಥೆಗೆ ದೊರೆತಿಲ್ಲವೆಂದು ಶಂಕಿಸಬೇಕು.

ಕೊನೆಗೆ ಕಮಲಾಪುರದ ಪರದೆಯ ಮೇಲೆ ಓದಬಲ್ಲ ಒಂದು ಸಾಲು ಮೂಡುತ್ತದೆ. ಡಿಸ್ಕಿನ ತಪಾಸಣೆ ಪೂರ್ಣವಾಗಿಲ್ಲ. ದುರಸ್ತಿಗಾಗಿ ಮೇಲ್ವಿಚಾರಕನ ಗುಪ್ತಪದವನ್ನು ಕೊಡಬೇಕು ಎಂಬುದು ಅದರ ಅರ್ಥ. ಸರ್ವರ್ ಸತ್ತಿರಲಿಲ್ಲ, ಯಾರೂ ನೋಡದ ಕಡೆ ಒಂದು ಪ್ರಶ್ನೆಯನ್ನು ಕೇಳಿ ರಾತ್ರಿಯಿಡೀ ಉತ್ತರಕ್ಕಾಗಿ ಕಾದಿತ್ತು. ಆದರೂ ದುರಸ್ತಿಗೆ ಒಡನೆಯೇ ಒಪ್ಪಿಗೆ ಕೊಡಲಾಗದು. ದುರಸ್ತಿಯು ಕೆಟ್ಟ ಭಾಗವನ್ನು ಕಿತ್ತುಹಾಕಲೂಬಹುದು. ಲೆಕ್ಕದ ಪ್ರತಿಯೊಂದು ಬೇರೆಡೆ ಭದ್ರವಾಗಿದೆಯೇ ಎಂದು ವಿಚಾರಿಸಿದ ಮೇಲೆಯೇ ತಂತ್ರಜ್ಞನು ಮುಂದುವರಿಯುತ್ತಾನೆ. ದುರಸ್ತಿ ಮುಗಿದು ಸರ್ವರ್ ಎದ್ದು ನಿಂತಾಗ ಜಾಲವೂ ಎಚ್ಚರಗೊಳ್ಳುತ್ತದೆ. ಸಂಘದ ಕಿಟಕಿ ತೆರೆಯುತ್ತದೆ.

ಇಲ್ಲಿ ಯಾವುದೇ ಚಮತ್ಕಾರ ನಡೆಯಲಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ನಿರ್ದೋಷಿಯೆಂದು ತಿಳಿದುದನ್ನು ಬದಿಗಿರಿಸುತ್ತ ಹೋದುದರಿಂದ ದೋಷವು ಅಡಗಿಕೊಳ್ಳಲು ಎಡೆಯಿಲ್ಲದಂತಾಯಿತು. ಎರಡು ಮೂರನ್ನು ಒಟ್ಟಿಗೆ ಬದಲಿಸಿದ್ದರೆ, ಕೆಲಸ ಸರಿಹೋದರೂ ಏಕೆ ಸರಿಹೋಯಿತೆಂಬುದು ತಿಳಿಯುತ್ತಿರಲಿಲ್ಲ. ನಾಳೆ ಅದೇ ತೊಂದರೆ ಮತ್ತೆ ಬಂದರೆ ಮತ್ತೆ ಕತ್ತಲೆ. ಅದಕ್ಕಾಗಿಯೇ ಹೊರಡುವ ಮುನ್ನ ತಂತ್ರಜ್ಞನು ಒಂದು ಚೀಟಿಯಲ್ಲಿ ಹುರಿಯ ಬಗೆ, ವೇಗ, ಹರಿವಿನ ನಿಯಂತ್ರಣ ಈ ಮೂರನ್ನೂ ಬರೆದು ಸರ್ವರಿಗೆ ಅಂಟಿಸುತ್ತಾನೆ. ಮುಂದೊಂದು ಮಳೆಗಾಲದ ರಾತ್ರಿ ಬೇರೊಬ್ಬರು ಅದೇ ಕಿರುಬಾಗಿಲನ್ನು ತಟ್ಟಬೇಕಾಗಿ ಬಂದರೆ, ಅವರ ಅರ್ಧ ಕೆಲಸವನ್ನು ಆ ಚೀಟಿಯೇ ಮಾಡಿ ಮುಗಿಸಿರುತ್ತದೆ.